‘ಎಲ್ಲಾದಕ್ಕೂ ಇಲ್ಲ ಅಂತ ಬರೀರಿ’ ಅನ್ನಾವನ ಕೈಯಾಗ ಮಗಳನ್ನ ಕೊಡಬ್ಯಾಡ್ರಿ

ಹೋದ ಸಲ ಖಾರದ ಪುಡಿ ವರ್ಷತನಕ ಕೆಡದಂಗ ಹೆಂಗ ಇಡೋದು ಅಂತ ಬರದಿದ್ದೆ. ಭಾಳ ಮಂದಿ ಫೋನ್ ಮಾಡಿ ಚಲೋ ಆತು ಅಂದ್ರಿ. ಈ ಸಲ ನಾ ಬರಿಯೋದು ಓದಿ ಕೆಲವರಿಗೆ ಸಿಟ್ಟು ಬರತೈತಿ. ಬರಲಿ. ಇದು ಅಡಗಿ ಮಾತಲ್ಲ, ಜಗಳದ ಮಾತು. ಇದ್ರಾಗ ಮೊದಲ ತಪ್ಪು ನಂದ ಐತಿ, ಅದನ್ನೂ ಮುಚ್ಚಿಡಂಗಿಲ್ಲ.

ಈಗಿನ ನಮ್ಮ ಹುಡುಗ್ರು ಲಗ್ನ ಆದ ಮ್ಯಾಲೆ ಊಟಿ, ಮೈಸೂರು ಬಿಟ್ಟು ಸಮುದ್ರದ ದ್ವೀಪಕ್ಕ ಹೊಂಟಾರ. ಹೋದ್ರ ಬೆನ್ನಿಗೆ ಗಾಳಿ ಸಿಲಿಂಡರ್ ಕಟಗೊಂಡು ನೀರಿನ ತಳಕ್ಕ ಇಳದು ಮೀನಾ ನೋಡಬೇಕು, ಫೋಟೋ ಹಾಕಬೇಕು. ಅದಕ್ಕ ಸ್ಕೂಬಾ ಡೈವಿಂಗ್ ಅಂತಾರ. 2022ರಾಗ ಬಂದ ‘ಗಂಧದ ಗುಡಿ’ಯಾಗ ನಮ್ಮ ಅಪ್ಪು ನೇತ್ರಾಣಿ ಕಡಲಾಗ ಇಳದದ್ದು ನೋಡಿದ ಮ್ಯಾಲಂತೂ ಈ ಆಸೆ ಇನ್ನೂ ಹೆಚ್ಚಾಗೇತಿ. ನಾ ಬ್ಯಾಡ ಅನ್ನಂಗಿಲ್ಲ. ನಮ್ಮ ಕಾಲಕ್ಕ ಬನಶಂಕರಿ ಜಾತ್ರಿ, ಕೂಡಲಸಂಗಮ ಇಷ್ಟರಾಗ ಜಗತ್ತು ಮುಗದಿತ್ತು. ಅವ್ರಾದ್ರೂ ನೋಡಲಿ. ನನ್ನ ಜಗಳ ಹೋಗೋದರ ಮ್ಯಾಲೆ ಅಲ್ಲ. ನೀರಿಗೆ ಇಳಸಾವ್ನ ನಾವು ಆರಿಸೋ ರೀತಿ ಐತೆಲ್ಲ, ಅದರ ಮ್ಯಾಲೆ.

ಒಂದ ಮಾತು ಕೇಳತೀನಿ. ಇಲಕಲ್ಲ ಸೀರಿ ತಗೊಳ್ಳಾಕ ಹೋದ್ರ ನಾವೇನ ಮಾಡತೀವಿ? ಒಂದ ತಾಸು ಕುಂದರತೀವಿ. ಮಡಿಕಿ ಬಿಚ್ಚಿ ಹಿಂದ ಮುಂದ ತಿರುವಿ ನೋಡತೀವಿ. ಸೆರಗಿನ ಕೆಂಪು ರೇಷ್ಮಿನೋ ಚಮಕಾನೋ ಅಂತ ಬಟ್ಟಿನಾಗ ತಿಕ್ಕಿ ನೋಡತೀವಿ. ಸೆರಗಿನ ಎಳಿ, ಒಡಲಿನ ಎಳಿ ಕೊಂಡಿ ಹಾಕಿ ಕೂಡಿಸ್ಯಾರೋ ಇಲ್ಲೋ ಕೇಳತೀವಿ. ಅಂಗಡ್ಯಾಂವ ‘ಅದೆಲ್ಲಾ ಯಾಕ ಕೇಳತೀರಿ, ಸುಮ್ನ ತಗೋರಿ’ ಅಂದ್ರ ಎದ್ದು ಬರತೀವಿ. ಅಂಥಾ ನಾವು, ಮಗಳ ಉಸಿರು ಯಾರ ಕೈಯಾಗ ಕೊಡತೀವಿ ಅನ್ನೋದನ್ನ ಮೊಬೈಲ್‌ದಾಗ ಐದು ಚುಕ್ಕಿ ನೋಡಿ, ಸೋವಿ ರೇಟ್ ನೋಡಿ ಮುಗಸತೀವಿ!

ಈಗ ನಮ್ಮ ಮನೀ ಕತಿ. ಯಾರ ಬಗ್ಗೆ ಬರದೀನೋ ಆಕಿನ್ನ ಕೇಳೇ ಬರದೀನಿ. ‘ಬರಿ ದೊಡ್ಡವ್ವ, ಉಳದಾವ್ರಿಗಾದ್ರೂ ಉಪಯೋಗ ಆಗಲಿ’ ಅಂದಾಳ.

ನನ್ನ ತಂಗಿ ಮಗಳು. ಬಾಗಲಕೋಟಿ ನವನಗರದಾಗ ಮನಿ. ಬೀಗರು ಬದಾಮಿ ಕಡಿಯವ್ರು, ಅಳಿಯ ಬೆಂಗಳೂರಾಗ ನೌಕರಿ ಮಾಡತಾನ. ಹುಡುಗಿಗೆ ಸಣ್ಣಾಕಿ ಇದ್ದಾಗಿಂದ ದಮ್ಮು ಐತಿ. ಸುಗ್ಗಿ ಕಾಲದ ಧೂಳಿಗೆ, ಚಳಿಗೆ ಹೆಚ್ಚು. ಊದೋ ಪಂಪ್ ಯಾವಾಗಲೂ ಬ್ಯಾಗಿನಾಗ ಇರತೈತಿ. ಬೀಗರು ನೋಡಾಕ ಬಂದ ದಿನಾ ಆ ಪಂಪ್ ಅಕ್ಕಿ ಡಬ್ಬಿ ಹಿಂದ ಇಟ್ಟಿದ್ವಿ. ಇಟ್ಟಾಕಿ ಯಾರು? ನಾನ. ‘ಲಗ್ನ ಆದ ಮ್ಯಾಲೆ ನಿಧಾನಕ್ಕ ಹೇಳಿದ್ರಾತು’ ಅಂದಾಕಿನೂ ನಾನ.

ಲಗ್ನಕ್ಕ ಹದಿನೈದು ದಿನಾ ಇದ್ದಾಗ ಅಳಿಯ ಅಂಡಮಾನಕ್ಕ ಟಿಕೀಟು ತಗದ. ಸ್ವರಾಜ್ ದ್ವೀಪ. 2018ರ ತನಕ ಅದಕ್ಕ ಹ್ಯಾವ್ಲಾಕ್ ಅಂತಿದ್ರು. ಡೈವಿಂಗ್ ಮಾಡಸೋ ಇಬ್ಬರ ನಂಬರ್ ಕಳಿಸಿ, ‘ನೀನೂ ಮಾತಾಡಿ ನೋಡು’ ಅಂತ ಹುಡುಗಿಗೆ ಹೇಳಿದ್ದ. ಅದು ಅಳಿಯನ ಒಳ್ಳೇ ಗುಣ. ಭಾಳ ಮನ್ಯಾಗ ಹುಡುಗನ ದೋಸ್ತರ ಎಲ್ಲಾ ಬುಕ್ ಮಾಡಿ ಮುಗಸಿರತಾರ.

ಮೊದಲನೇಯಾವ್ನಿಗೆ ಫೋನ್ ಹಚ್ಚಿದ್ಲು. ನಾನೂ ತಂಗಿನೂ ಬಾಜೂಕ ಕುಂತು ಕೇಳಾಕತ್ತಿದ್ವಿ. ರೇಟು ಕಡಿಮಿ, ಫೋಟೋ ವಿಡಿಯೋ ಪುಗಸಟ್ಟೆ, ಈಜು ಬರದಿದ್ರೂ ನಡೀತೈತಿ ಅಂದ. ಹುಡುಗಿ ಸಣ್ಣ ದನಿಲೆ ‘ಆಸ್ತಮಾ ಇದ್ರ?’ ಅಂದ್ಲು. ಅಂವ ನಕ್ಕ. ‘ಮೇಡಂ, ಒಂದ ಫಾರಂ ಕೊಡತೀವಿ. ಎಲ್ಲಾದಕ್ಕೂ ಇಲ್ಲ ಅಂತ ಬರದು ಸಹಿ ಹಾಕ್ರಿ. ಬರೇ ಫಾರ್ಮಾಲಿಟಿ’ ಅಂದ.

ಎರಡನೇಯಾಂವ ರೇಟು ಹೇಳೋಕಿಂತ ಮೊದಲ ಇವರನ್ನ ಪ್ರಶ್ನೆ ಕೇಳಿದ. ವಯಸ್ಸೆಷ್ಟು, ಕಿವಿ ಸೋರತೈತೇನು, ಆಪರೇಶನ್ ಆಗೇತೇನು, ದಮ್ಮು, ಬಿ.ಪಿ. ಐತೇನು, ವಾಪಸ್ ವಿಮಾನ ಯಾವಾಗ. ದಮ್ಮು ಅಂದ ಕೂಡಲೆ, ‘ಡಾಕ್ಟರ್ ಪರೀಕ್ಷೆ ಮಾಡಿ ಬರದು ಕೊಟ್ಟ ಕಾಗದ ತರ್ರಿ. ಇಲ್ಲಂದ್ರ ನಾ ನೀರಿಗೆ ಇಳಸಂಗಿಲ್ಲ. ರೊಕ್ಕಾ ಎರಡಪಟ್ಟು ಕೊಟ್ರೂ ಇಳಸಂಗಿಲ್ಲ’ ಅಂದ.

ಫೋನ್ ಇಟ್ಟ ಮ್ಯಾಲೆ ನನ್ನ ತಂಗಿ ಅಂದ್ಲು: ‘ಗಿರಾಕಿ ಕಳ್ಕೊಳ್ಳೋ ಹುಚ್ಚ ಇದ್ದಾನ. ಮೊದಲನೇಯಾಂವ ಚಲೋ.’

ಇಲ್ಲೇ ನನಗ ಸಿಟ್ಟು ಬಂತು. ತಂಗಿ ಮ್ಯಾಲೆ ಅಲ್ಲ, ನನ್ನ ಮ್ಯಾಲೆ. ನಾ ಪಂಪ್ ಡಬ್ಬಿ ಹಿಂದ ಇಟ್ಟದ್ದೂ ಅಂವ ‘ಇಲ್ಲ ಅಂತ ಬರಿ’ ಅಂದದ್ದೂ ಎರಡೂ ಒಂದ.

ಆ ಫಾರಂ ಯಾಕ ಐತಿ ತಿಳಕೋರಿ. ನೀರಾಗ 10 ಮೀಟರ್ ಇಳದ್ರ ಮೈ ಮ್ಯಾಲಿನ ಒತ್ತಡ ದಂಡಿ ಮ್ಯಾಲಿನಕಿಂತ ಎರಡು ಪಟ್ಟು ಆಗತೈತಿ. ಅಲ್ಲಿ ಒಂದು ಪುಗ್ಗಾ ಊದಿ ಬಾಯಿ ಕಟ್ಟಿ ಮ್ಯಾಲೆ ಬಿಟ್ರ, ಬರಬರತಾ ಎರಡರಷ್ಟು ಉಬ್ಬತೈತಿ. ನಮ್ಮ ಪುಪ್ಪಸನೂ ಹಂಗ. ಅದಕ್ಕ ನೀರಾಗ ಉಸಿರು ಹಿಡೀಬಾರದು, ಆಡಸ್ತನ ಇರಬೇಕು ಅನ್ನೋದು ಡೈವಿಂಗಿನ ಮೊದಲ ಪಾಠ. ದಮ್ಮು ಇದ್ದಾಕಿಗೆ ಒಳಗ ಉಸಿರಿನ ನಳಿಕಿ ಬಿಗದು ಗಾಳಿ ಅಲ್ಲೇ ಸಿಕ್ಕೊಂಡ್ರ, ಮ್ಯಾಲೆ ಬರೋವಾಗ ಆ ಗಾಳಿ ಉಬ್ಬಿ ಪುಪ್ಪಸ ಹರಿಬಹುದು. ಮ್ಯಾಲ ಸಿಲಿಂಡರಿನ ಗಾಳಿ ಒಣಾ, ತಂಪು. ದಮ್ಮು ಎಬ್ಬಸಾಕ ಅಷ್ಟು ಸಾಕು. ತಳದಾಗ ಪಂಪ್ ಊದಾಕ ಬರತೈತೇನು?

‘ದಿನಾ ಎಷ್ಟೋ ಮಂದಿ ಇಳೀತಾರ, ಯಾರಿಗೇನಾಗೇತಿ?’ ಅಂತೀರಿ. ಖರೆ, ಭಾಳ ಮಂದಿ ಆರಾಮ ಎದ್ದು ಬರತಾರ. ಅದಕ್ಕ ಮೊದಲನೇಯಾವ್ನ ಧಂದೆ ನಡದೈತಿ. ಅಂವ ಏನೂ ಕೇಳದಿದ್ರೂ ಹೆಚ್ಚಿನ ದಿನಾ ಏನೂ ಆಗಂಗಿಲ್ಲ. ಆಗೋ ಆ ಒಂದ ದಿನಾ ನೀರಾಗ ಇರಾಕಿ ನಿಮ್ಮ ಮಗಳ ಆಗಿರಬಾರದೇನು? ಮತ್ತ ಆ ದಿನಾ ಅಂವ ಏನ ತೋರಸತಾನ? ಅದ ಫಾರಂ ತೋರಸತಾನ. ‘ನೋಡ್ರಿ, ಏನೂ ಜಡ್ಡಿಲ್ಲ ಅಂತ ಇವರ ಬರದು ಸಹಿ ಹಾಕ್ಯಾರ.’ ನಿಮ್ಮ ಸುಳ್ಳು ನಿಮ್ಮನ್ನ ಕಾಯಂಗಿಲ್ರಿ, ಅವ್ನ ಕಾಯತೈತಿ.

‘ಬೀಗರಿಗೆ ಗೊತ್ತಾದ್ರ ಹೆಂಗ?’ ಇದು ತಂಗಿಯ ದೊಡ್ಡ ಮಾತು. ನಾ ಅಂದೆ: ತಂಗಿ, ನೀರಿನ ತಳದಾಗ ಆಕಿ ಬಾಜೂಕ ಇರಾವ್ರು ಇಬ್ಬರ, ಗಂಡಾ ಒಬ್ಬ, ಕೈ ಹಿಡದ ಮಾಸ್ತರ್ ಒಬ್ಬ. ಆಕಿಗೆ ಉಸಿರು ಕಟ್ಟಿದ್ರ ಅದು ಅಂಜಿಕಿನೋ ದಮ್ಮೋ ಅಂತ ಆ ಇಬ್ಬರಿಗೂ ತಿಳಿಯಂಗಿಲ್ಲ. ಗೊತ್ತಿದ್ದಾವ್ರು ನಾನೂ ನೀನೂ ಇಲ್ಲಿ ಕುಂತು ಶಾವಿಗಿ ಹೊಸಿಯಾಕತ್ತಿರತೀವಿ. ಯಾರಿಂದ ಮುಚ್ಚಿಟ್ವಿ ಅಂದ್ರ, ಉಳಸಾವ್ರಿಂದನ ಮುಚ್ಚಿಟ್ವಿ!

ತಂಗಿ ನಾಲ್ಕು ದಿನಾ ನನ್ನ ಕೂಡ ಮಾತ ಬಿಟ್ಟಳು. ಹುಡುಗಿ ಮಾತ್ರ ಅವತ್ತ ರಾತ್ರಿನ ಅಳಿಯಗ ಫೋನ್ ಮಾಡಿ ಎಲ್ಲಾ ಹೇಳಿದ್ಲು. ಅಂವ ಸ್ವಲ್ಪ ಹೊತ್ತು ಸುಮ್ನಿದ್ನಂತ. ಆಮ್ಯಾಲೆ, ‘ಮೊದಲ ಯಾಕ ಹೇಳಲಿಲ್ಲ?’ ಅಂದನಂತ. ಆ ಪ್ರಶ್ನೆ ಕೇಳಬೇಕಾದ್ದು ನನಗ, ಆಕಿಗಲ್ಲ. ಬಾಗಲಕೋಟಿಯಾಗ ಎದಿ ಡಾಕ್ಟರ್ ಹತ್ರ ಊದೋ ಪರೀಕ್ಷೆ ಮಾಡಸಿದ್ವಿ. ‘ದಮ್ಮು ಪೂರಾ ಹಿಡಿತದಾಗ ಇದ್ದಾವ್ರಿಗೆ ಕೆಲವೊಮ್ಮೆ ಬರದು ಕೊಡಬಹುದು. ಈಕಿಗೆ ವಾರಕ್ಕ ಎರಡ ಸಲ ಪಂಪ್ ಬೇಕಾಗತೈತಿ, ನಾ ಕೊಡಂಗಿಲ್ಲ’ ಅಂದ್ರು. ಬಸ್ ಚಾರ್ಜು, ಪರೀಕ್ಷೆ ಎಲ್ಲಾ ಸೇರಿ ಲಗ್ನದ ಬ್ಯಾಂಡಿನವ್ರಿಗೆ ಕೊಟ್ಟ ರೊಕ್ಕದಾಗ ಒಂದ ಚೂರು ಆತು.

ಇನ್ನ, ದಮ್ಮಿಲ್ಲದಾವ್ರೂ ಆಪರೇಟರ್‌ಗೆ ಏನೇನ ಕೇಳಬೇಕು ಹೇಳತೀನಿ. ನಮ್ಮ ಹೆಣ್ಣಮಕ್ಕಳಿಗೆ ಇದು ಹೆಚ್ಚು ಬೇಕು. ಗಂಡ ಹುಡುಗ್ರು ಬೆನ್ನಿಗೆ ಡಬ್ಬಿ ಕಟಗೊಂಡು ಹೊಲದ ಬಾವ್ಯಾಗ ಈಜು ಕಲತಾರ. ನಾವು ಹೊಳಿ ದಂಡ್ಯಾಗ, ಅಗಸ್ತ್ಯ ತೀರ್ಥದ ಮೆಟ್ಟಲ ಮ್ಯಾಲೆ ಬಟ್ಟಿ ಒಗದಾವ್ರು. ನಮ್ಮ ನೀರು ಮೊಣಕಾಲ ಮಟಾ ಅಷ್ಟ.

ಮೊದಲನೇದು, ನನ್ನ ಕೈ ಹಿಡಿಯಾವ್ರು ಯಾರು? ‘ನಮ್ಮ ಹುಡುಗ್ರು ಅದಾರ’ ಅಂದ್ರ ನಡಿಯಂಗಿಲ್ಲ. ಪ್ಯಾಡಿ, ಎಸ್‌ಎಸ್‌ಐ ಅಂತ ಜಗತ್ತಿನ ತುಂಬ ಡೈವಿಂಗ್ ಕಲಸೋ ಸಂಸ್ಥೆ ಅದಾವ. ಅವು ಕೊಟ್ಟ ಇನ್‌ಸ್ಟ್ರಕ್ಟರ್ ಕಾರ್ಡ್, ಅದರ ನಂಬರ್ ಕೇಳ್ರಿ. ಖರೆ ಮಾಸ್ತರ್ ಆಗಿದ್ರ ಸಿಟ್ಟಾಗಂಗಿಲ್ಲ, ತೋರಸತಾನ.

ಎರಡನೇದು, ಒಬ್ಬ ಮಾಸ್ತರ್‌ಗೆ ಎಷ್ಟು ಮಂದಿ? ಹೊಸಬರು ಇಳಿಯೋವಾಗ ಒಬ್ಬರಿಗೆ ನಾಲ್ಕು ಮಂದಿಗಿಂತ ಹೆಚ್ಚು ಇರಬಾರದು ಅಂತ ಪ್ಯಾಡಿಯವ್ರ ನೇಮ. ಈಜು ಬರದ ನಮ್ಮಂಥಾವ್ರಿಗೆ ನಾಲ್ಕೂ ಹೆಚ್ಚು. ಒಬ್ಬರಿಗೆ ಒಬ್ಬರು ಇದ್ರ ಲೇಸು.

ಮೂರನೇದು, ಎಷ್ಟು ಆಳ, ಮೊದಲ ಎಲ್ಲಿ ಕಲಸತೀರಿ? ತರಬೇತಿ ಇಲ್ಲದ ಹೊಸಬರಿಗೆ 12 ಮೀಟರ್ ಕಡೀ ಗೆರಿ. ಅಂದ್ರ ಸುಮಾರು 40 ಫೂಟು, ಒಂದು ದೊಡ್ಡ ಬಾವಿ ಆಳ. ಇಳಿಯೋಕಿಂತ ಮೊದಲ ಸಣ್ಣ ನೀರಾಗ ನಿಂದ್ರಿಸಿ, ಬಾಯಿಲೆ ಉಸಿರಾಡೋದು, ಮೂಗು ಹಿಡದು ಊದಿ ಕಿವಿ ಬಿಡಸೋದು, ಕನ್ನಡಕದಾಗ ನೀರು ಬಂದ್ರ ಹೊರಗ ಹಾಕೋದು, ಕೈಸನ್ನಿ, ಇಷ್ಟನ್ನ ಕಲಸಬೇಕು. ‘ಬೋಟಿನ್ಯಾಗ ಐದ ನಿಮಿಷದಾಗ ಹೇಳತೀವಿ’ ಅಂದ್ರ ಬೋಟ್ ಹತ್ತಬ್ಯಾಡ್ರಿ.

ನಾಲ್ಕನೇದು, ಬೋಟಿನ್ಯಾಗ ಆಕ್ಸಿಜನ್ ಐತೇನು, ಅದನ್ನ ಕೊಡಾಕ ಬಲ್ಲಾವ್ರು ಮ್ಯಾಲೆ ಯಾರಿರತಾರ? ನಮ್ಮ ನೇತ್ರಾಣಿನ ತಗೋರಿ. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ಸಮುದ್ರದಾಗ ಐತಿ. ಬೋಟಿನ್ಯಾಗ ಹೋಗಾಕ ಒಂದ ತಾಸಿನ ಮ್ಯಾಲೆ ಹಿಡೀತೈತಿ. ಅಲ್ಲಿ ಹೆಚ್ಚು ಕಡಿಮಿ ಆದ್ರ ದವಾಖಾನಿಗೆ ಮುಟ್ಟಾಕ ತಿರಗ ಅಷ್ಟ ಹೊತ್ತು. ಹವಾಮಾನ ಕೆಟ್ರ ರೊಕ್ಕಾ ವಾಪಸ್ ಕೊಡತಾನೋ ಇಲ್ಲೋ ಅದನ್ನೂ ಕೇಳ್ರಿ. ಕೊಡದಾಂವ ತೆರಿ ಎದ್ದಿದ್ರೂ ‘ಏನಾಗಂಗಿಲ್ಲ, ನಡೀರಿ’ ಅಂತಾನ.

ಐದನೇದು, ವಿಮಾನ. ಎರಡನೇಯಾಂವ ವಾಪಸ್ ಟೈಮ್ ಯಾಕ ಕೇಳಿದ ಅಂತ ನನಗ ಆಮ್ಯಾಲೆ ತಿಳೀತು. ಒತ್ತಡದಾಗ ಉಸಿರಾಡಿದಾಗ ನೈಟ್ರೋಜನ್ ಗಾಳಿ ರಕ್ತದಾಗ ಕರಗಿರತೈತಿ. ಅದು ನಿಧಾನಕ್ಕ ಹೊರಗ ಹೋಗಬೇಕು. ಹೋಗೂದ್ರಾಗ ವಿಮಾನ ಹತ್ತಿದ್ರ, ಸೋಡಾ ಬಾಟ್ಲಿ ಮುಚ್ಚಳ ತಗದಂಗ ಮೈಯಾಗ ಗುಳ್ಳಿ ಏಳಬಹುದು. ಒಂದ ಸಲ ಇಳದಾವ್ರು ಕಡಿಮಿ ಅಂದ್ರ 12 ತಾಸು, ಮತ್ತ ಮತ್ತ ಇಳದಾವ್ರು 18 ತಾಸು ಬಿಡಬೇಕು. ನಮ್ಮ ಅಳಿಯ ಮುಂಜಾನೆ ಡೈವ್, ಅವತ್ತ ಸಂಜಿಕಿ ವಿಮಾನ ಅಂತ ಹಾಕ್ಕೊಂಡಿದ್ದ. ಮೊದಲನೇಯಾಂವ ಈ ಮಾತು ಎತ್ತಲೇ ಇಲ್ಲ.

ಹೆಣ್ಣಮಕ್ಕಳಿಗೆ ಇನ್ನೊಂದು. ಬಸರಿದ್ದಾಗ ಇಳೀಬಾರದು. ಲಗ್ನ ಆಗಿ ಎರಡ ಮೂರ ತಿಂಗಳಿಗೆ ಹೋಗಾವ್ರು, ದಿನಾ ಮುಂದ ಹೋಗಿದ್ರ ಮೊದಲ ಪರೀಕ್ಷೆ ಮಾಡಕೋರಿ. ನಾಚಿಕಿ ಮಾಡಬ್ಯಾಡ್ರಿ. ಆ ಪ್ರಶ್ನೆನೂ ಫಾರಂನ್ಯಾಗ ಇರತೈತಿ.

ಕಡೀಗೆ ಏನಾತು? ಎರಡನೇಯಾವ್ನ ಕಡೆನ ಹೋದ್ರು. ಒಂದ ದಿನಾ ಮುಂಚೆ ಅಳಿಯ ಒಬ್ಬನ ಇಳದ. ನಮ್ಮ ಹುಡುಗಿ ಡಾಕ್ಟರ್‌ನ ಕೇಳಿಕೊಂಡು, ದಂಡಿ ಹತ್ರ ಲೈಫ್ ಜಾಕೆಟ್ ಹಾಕ್ಕೊಂಡು ನೀರಿನ ಮ್ಯಾಲೆ ತೇಲಿ, ಮಾರಿ ಅಷ್ಟ ಒಳಗ ಮಾಡಿ ಮೀನಾ ನೋಡಿದ್ಲು. ಪಂಪ್ ಬೋಟಿನವ್ನ ಕೈಯಾಗ ಇತ್ತು. ಗಂಡನ ಕೂಡ ತಳಕ್ಕ ಇಳಿಯಾಕ ಆಗಲಿಲ್ಲ ಅಂತ ಆಕಿಗೆ ಬ್ಯಾಸರ ಇತ್ತು, ಇಲ್ಲ ಅನ್ನಂಗಿಲ್ಲ. ಬದಾಮಿ ಬೀಗತಿನೂ ಎರಡ ತಿಂಗಳು ನನ್ನ ಕೂಡ ನೆಟ್ಟಗ ಮಾತಾಡಲಿಲ್ಲ. ಅದು ನಾ ತಿನಬೇಕಾದ ಬೈಗುಳ, ತಿಂದೆ.

ನಾ ಹೇಳೋದು ಇಷ್ಟ. ಹೂಂ ಅನ್ನಾವ್ರು ಎಲ್ಲಾ ಕಡೆ ಸಿಗತಾರ, ಅದಕ್ಕ ರೊಕ್ಕಾ ಬೀಳಂಗಿಲ್ಲ. ಕೈಗೆ ಬಂದ ರೊಕ್ಕಾ ಬಿಟ್ಟು ‘ಬ್ಯಾಡವ್ವ, ನಿನ್ನ ಇಳಸಂಗಿಲ್ಲ’ ಅನ್ನಾಂವ ಸಿಕ್ರ ಅವ್ನ ಹಿಡೀರಿ. ನಾಳೆ ನಿಮ್ಮ ಮಕ್ಕಳು ಬರದು ಸಹಿ ಹಾಕೋವಾಗ ‘ಇದ್ದದ್ದು ಇದ್ದಂಗ ಬರಿ, ನಿನ್ನ ಹಿಂದ ನಾ ಅದೀನಿ’ ಅನ್ರಿ. ಅಕ್ಕಿ ಡಬ್ಬಿ ಹಿಂದ ಅಕ್ಕಿ ಹುಳಾನೂ ಉಳಿಯಂಗಿಲ್ಲ, ಗುಟ್ಟು ಉಳೀತೈತೇನು?

ಬೈಯಾವ್ರಿದ್ರ ಮನಿಗೆ ಬರ್ರಿ. ಚಾ ಕುಡಕೋತ ಬೈಯುವಂತ್ರಿ.