ಕೊಡಚಾದ್ರಿ ಹತ್ತಿಸೋ ಲೈಸೆನ್ಸ್ ಯಾರ ಹತ್ರ ಇದೆ?

1/7
ಕೆಂಪು ಮಣ್ಣಿನ ದಾರಿ. ಒಂದು ಕಡೆ ಧರೆ, ಇನ್ನೊಂದು ಕಡೆ ಪ್ರಪಾತ, ಮಧ್ಯೆ ಒಂದು ಚಕ್ರ ಗಾಳಿಯಲ್ಲಿರೋ ಜೀಪು. ಇಂಥ ಫೋಟೊಗೆ ಲೈಕ್ ಬೀಳುತ್ತೆ ಅಂತ ಗೊತ್ತು. ಇವತ್ತು ಲೈಕ್ ಬೇಡ ಮಾರಾಯ್ರೆ, ಏಳೂ ಫೋಟೊದ ಕೆಳಗಿರೋದನ್ನ ಓದಿ. ನಾನು ಹೇಳೋದು ಇಷ್ಟೇ: ಇಂಥ ದಾರಿಯಲ್ಲಿ ಜನರನ್ನ ಕೂರಿಸ್ಕೊಂಡು ಗಾಡಿ ಓಡಿಸೋರಿಗೆ ಪ್ರತ್ಯೇಕ ತರಬೇತಿ ಕಡ್ಡಾಯ ಆಗಬೇಕು. ಸಾಗರ, ಹೊಸನಗರ, ತೀರ್ಥಹಳ್ಳಿಯ ನಾವೇ ಅದನ್ನ ಕೇಳಬೇಕು.

2/7
ಮನೆಯಲ್ಲಿ ಯಾರದ್ದಾದ್ರೂ ಹೊಸ ಲೈಸೆನ್ಸ್ ಕಾರ್ಡ್ ಇದ್ರೆ ತಿರುಗಿಸಿ ನೋಡಿ. ಸಣ್ಣ ಅಕ್ಷರದಲ್ಲಿ ಎರಡು ಸಾಲು ಇರುತ್ತೆ: 'ಹಜಾರ್ಡಸ್ ವ್ಯಾಲಿಡಿಟಿ', 'ಹಿಲ್ ವ್ಯಾಲಿಡಿಟಿ'. ನಮ್ಮೂರಿನ ಹೆಚ್ಚಿನವರ ಕಾರ್ಡಲ್ಲಿ ಎರಡೂ ಖಾಲಿ. ಮೊದಲನೆಯದು ಪೆಟ್ರೋಲ್, ಗ್ಯಾಸ್ ಥರದ ಅಪಾಯಕಾರಿ ಸರಕು ಸಾಗಿಸೋರಿಗೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 9ನೇ ನಿಯಮದ ಪ್ರಕಾರ ಅವರು 3 ದಿನದ ತರಬೇತಿ ಪಡೀಲೇಬೇಕು. ಎರಡನೆಯದು ಗುಡ್ಡದ ದಾರಿಗೆ. ಅಂದ್ರೆ ಕಾರ್ಡಲ್ಲಿ ಜಾಗ ಮಾಡಿಟ್ಟಿದ್ದಾರೆ, ತುಂಬಿಸೋರು ಇಲ್ಲ. ಟ್ಯಾಂಕರಿನ ಪೆಟ್ರೋಲಿಗೆ ಸಿಗೋ ಮರ್ಯಾದೆ ಜೀಪಲ್ಲಿ ಕೂತ ಎಂಟು ಜನಕ್ಕೆ ಇಲ್ಲ ಅಂದ್ರೆ ಇದೆಂಥ ಲೆಕ್ಕ?

3/7
'ಲೈಸೆನ್ಸ್ ಟೆಸ್ಟಲ್ಲೇ ಎಲ್ಲ ನೋಡ್ತಾರಲ್ಲ' ಅಂತೀರಾ? ಪುಸ್ತಕದಲ್ಲಿ ನೋಡ್ತಾರೆ. ಅದೇ ನಿಯಮಗಳ 15ನೇ ನಿಯಮ ಓದಿ. ಇಳಿಜಾರಲ್ಲಿ ಬೇಗ ಕೆಳಗಿನ ಗೇರಿಗೆ ಬರಬೇಕು, ಕಡಿದಾದ ಏರಿನಲ್ಲಿ ನಿಲ್ಲಿಸಿ ಒಂಚೂರೂ ಹಿಂದೆ ಜಾರದೆ ಮತ್ತೆ ಹೊರಡಬೇಕು ಅಂತ ಸ್ಪಷ್ಟವಾಗಿ ಬರೆದಿದೆ. ಈಗ ಲೈಸೆನ್ಸ್ ಇರೋರೆಲ್ಲ ನೆನಪು ಮಾಡ್ಕೊಳ್ಳಿ: ನಿಮ್ಮನ್ನ ಯಾವ ಏರಿಗೆ ಕರ್ಕೊಂಡು ಹೋಗಿದ್ರು? ಮಟ್ಟಸವಾದ ಮೈದಾನದಲ್ಲಿ ಮುಂದೆ ಹೋಗು, ರಿವರ್ಸ್ ಬಾ ಅಂದಿದ್ದಷ್ಟೇ ಅಲ್ವಾ? ಆ ಕಾರ್ಡ್ ಹಿಡ್ಕೊಂಡು 1,343 ಮೀಟರ್ ಎತ್ತರದ ಗುಡ್ಡಕ್ಕೆ ಜನರನ್ನ ಹತ್ತಿಸಬಹುದು. ಕಾನೂನು ತಡೆಯಲ್ಲ.

4/7
ಗುಡ್ಡ ಕೇಳೋ ವಿದ್ಯೆಯೇ ಬೇರೆ. ಇಳಿಯುವಾಗ ಬ್ರೇಕ್ ಒತ್ತಿಕೊಂಡೇ ಬಂದ್ರೆ ಅದು ಕಾದು ಹಿಡಿತ ಬಿಡುತ್ತೆ. ಫೋರ್ ಲೋ ಹಾಕಿ, ಫಸ್ಟ್ ಗೇರಲ್ಲಿ ಎಂಜಿನ್ನೇ ಗಾಡಿಯನ್ನ ಹಿಡಿಯೋಕೆ ಬಿಡಬೇಕು. ನ್ಯೂಟ್ರಲ್ ಅಂತೂ ಸತ್ರೂ ಬೇಡ. ಏರಿನ ಮಧ್ಯೆ ಎಂಜಿನ್ ನಿಂತ್ರೆ ಗಾಬರಿಯಿಂದ ಸ್ಟೇರಿಂಗ್ ತಿರುಗಿಸಬಾರದು, ಗಾಡಿ ಅಡ್ಡ ಆದ್ರೆ ಉರುಳುತ್ತೆ. ಬ್ರೇಕ್ ಹಿಡಿದು, ರಿವರ್ಸ್ ಗೇರ್ ಹಾಕಿ, ಬಂದ ಜಾಡಲ್ಲೇ ನೇರ ಕೆಳಗಿಳೀಬೇಕು. ಹಳೇ ಜೀಪಾದ್ರೆ ಹೆಬ್ಬೆರಳನ್ನ ಸ್ಟೇರಿಂಗ್ ಒಳಗೆ ಸಿಕ್ಕಿಸಬಾರದು. ಮುಂದಿನ ಚಕ್ರ ಕಲ್ಲಿಗೆ ಬಡಿದು ಸ್ಟೇರಿಂಗ್ ಸರಕ್ಕನೆ ತಿರುಗಿದ್ರೆ ಬೆರಳು ಮುರಿಯುತ್ತೆ. ಹಳ್ಳ ದಾಟೋ ಮುಂಚೆ ಒಬ್ಬ ಇಳಿದು ಕೋಲು ಹಾಕಿ ಆಳ ನೋಡಬೇಕು. ಹಿಂದೆ ಯಾರೂ ನಿಂತ್ಕೊಂಡು ಬರಬಾರದು.

ಇದೆಲ್ಲ ಹುಟ್ಟಿನಿಂದ ಬರಲ್ಲ. ಯಾರೋ ಕಲಿಸಬೇಕು. ಯಾರೂ ಕಲಿಸದಿದ್ರೆ ಮನುಷ್ಯ ತಪ್ಪು ಮಾಡ್ತಾ ಮಾಡ್ತಾ ಕಲೀತಾನೆ. ಈ ದಾರಿಯಲ್ಲಿ ಎರಡನೇ ತಪ್ಪಿಗೆ ಜಾಗ ಇರಲ್ಲ, ಹಿಂದೆ ಕೂತವರಿಗಂತೂ ಮೊದಲನೆಯದೇ ಕೊನೆ.

5/7
ಕಾಮೆಂಟಲ್ಲಿ ಏನು ಬರುತ್ತೆ ಅಂತ ಗೊತ್ತು, ಈಗಲೇ ಉತ್ತರ ಹೇಳ್ತೀನಿ.

'ನಮ್ಮ ಡ್ರೈವರಣ್ಣಂದಿರಿಗೆ ಇಪ್ಪತ್ತು ವರ್ಷದ ಅನುಭವ, ಅವರಿಗೆ ಕಲಿಸೋರು ಯಾರು?' ಯಾರೂ ಬೇಡ. ಅವರೇ ಮೇಷ್ಟ್ರಾಗಲಿ. ಸರ್ಕಾರ ಸಂಬಳ ಕೊಟ್ಟು ಅವರಿಂದಲೇ ಪಾಠ ಮಾಡಿಸಲಿ. ಚಿಂತೆ ಇಪ್ಪತ್ತು ವರ್ಷ ಓಡಿಸಿದವರದ್ದಲ್ಲ. ಸೀಸನ್ನಿಗೆ ಮೊನ್ನೆ ಸೀಟಿಗೆ ಕೂತ ಹುಡುಗನದ್ದು, ಬೆಂಗಳೂರಿಂದ ಥಾರ್ ಬಾಡಿಗೆಗೆ ತಂದವರದ್ದು.

'ಇನ್ನೊಂದು ಕಾಗದ, ಇನ್ನೊಂದು ಲಂಚ.' ಕೂತಲ್ಲೇ ಕೊಡೋ ಸರ್ಟಿಫಿಕೇಟ್ ಆದ್ರೆ ಹೌದು. ಅದಕ್ಕೇ ಪರೀಕ್ಷೆ ಗುಡ್ಡದ ಮೇಲೇ ಆಗಲಿ, ವಿಡಿಯೊ ಇರಲಿ. ಅಮೆರಿಕದ ಆರಿಗನ್ ರಾಜ್ಯದಲ್ಲಿ ಸಾರ್ವಜನಿಕ ಜಾಗದಲ್ಲಿ ಕ್ವಾಡ್ ಬೈಕ್ ಓಡಿಸೋಕೂ ಸುರಕ್ಷತಾ ಪಾಠದ ಕಾರ್ಡ್ ಬೇಕು. ಹದಿನಾರು ತುಂಬದವರು ಗಾಡಿ ಮೇಲೆ ಕೂತು ಕಲಿತು ತೋರಿಸಬೇಕು.

'ಬಡವರ ಹೊಟ್ಟೆ ಮೇಲೆ ಹೊಡೀತೀಯಾ?' ಒಂದು ದೊಡ್ಡ ಅಪಘಾತ ಆದ್ರೆ ದಾರಿಯೇ ಬಂದ್ ಆಗುತ್ತೆ. ಆಗ ಯಾರ ಹೊಟ್ಟೆಗೆ ಹೊಡೆತ? ತರಬೇತಿ ಅವರ ಅನ್ನ ಕಿತ್ಕೊಳ್ಳಲ್ಲ, ಉಳಿಸುತ್ತೆ.

6/7
ಇದು ಶರಾವತಿ ಹಿನ್ನೀರು. ಬೇಸಿಗೆಯಲ್ಲಿ ಲಿಂಗನಮಕ್ಕಿ ನೀರು ಇಳಿದಾಗ ಒಣಗಿದ ಬಯಲಲ್ಲಿ ಗಾಡಿ ಗಿರಗಿರ ತಿರುಗಿಸೋ ರೀಲ್ಸ್ ಮಾಡೋದು ನಮ್ಮ ವಯಸ್ಸಿನವರೇ. 'ಇದು ರೋಡಲ್ಲ, ಲೈಸೆನ್ಸ್ ಯಾಕೆ' ಅಂತೀರಿ. 1988ರ ಮೋಟಾರು ವಾಹನ ಕಾಯ್ದೆ ಹಾಗೆ ಹೇಳಲ್ಲ. ಜನರಿಗೆ ಹೋಗೋ ಹಕ್ಕಿರೋ ಜಾಗ ರಸ್ತೆ ಅಲ್ಲದಿದ್ರೂ ಸಾರ್ವಜನಿಕ ಸ್ಥಳವೇ. ಅಂಥಲ್ಲಿ ಹದಿನೆಂಟು ತುಂಬದವನು ಗಾಡಿ ಓಡಿಸಿ ಸಿಕ್ಕಿಬಿದ್ರೆ 199ಎ ಕಲಂ ಇದೆ: ಅಪ್ಪನಿಗೋ ಗಾಡಿ ಮಾಲೀಕನಿಗೋ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು, 12 ತಿಂಗಳು ಗಾಡಿಯ ನೋಂದಣಿ ರದ್ದು, ಓಡಿಸಿದವನಿಗೆ 25 ವರ್ಷ ಆಗೋವರೆಗೆ ಲೈಸೆನ್ಸ್ ಇಲ್ಲ. ಹದಿನೈದು ಸೆಕೆಂಡಿನ ರೀಲ್ಸಿಗೆ ಇಷ್ಟು ಬೆಲೆ ಬೇಕಾ?

7/7
2025ರ ಜುಲೈ 14ಕ್ಕೆ ಸಿಗಂದೂರು ಸೇತುವೆ ಉದ್ಘಾಟನೆ ಆಯ್ತು. ಲಾಂಚಿಗೆ ಕಾಯೋದು ತಪ್ತು, ಸಾಗರದಿಂದ ಕೊಲ್ಲೂರು, ಕೊಡಚಾದ್ರಿ ಕಡೆಗೆ ದಾರಿ ಹತ್ತಿರ ಆಯ್ತು. ಗಾಡಿ ಇನ್ನೂ ಹೆಚ್ಚು ಬರುತ್ತೆ. ಸೇತುವೆಗೆ ಕೋಟಿಗಟ್ಟಲೆ ಕೊಟ್ಟವರಿಗೆ ಮೂರು ದಿನದ ಪಾಠ ಭಾರ ಆಗಲ್ಲ.

ನಾವು ಕೇಳೋದು ಮೂರೇ. ಒಂದು: ಗುಡ್ಡದ ಮಣ್ಣುದಾರಿಯಲ್ಲಿ ಬಾಡಿಗೆ ಓಡಿಸೋರಿಗೆ ಅದೇ ದಾರಿಯಲ್ಲಿ ಮೂರು ದಿನದ ಉಚಿತ ತರಬೇತಿ. ಎರಡು: ಪಾಸಾದವರ ಕಾರ್ಡಲ್ಲಿ ಆ ಖಾಲಿ 'ಹಿಲ್ ವ್ಯಾಲಿಡಿಟಿ' ತುಂಬಿಸೋದು. ಮೂರು: ಅದು ಇಲ್ಲದ ಗಾಡಿಯನ್ನ, ಅದು ಊರಿನದ್ದಾಗ್ಲಿ ಹೊರಗಿನದ್ದಾಗ್ಲಿ, ಬುಡದಲ್ಲೇ ನಿಲ್ಲಿಸೋದು.

ಕಾಲೇಜು ಟ್ರಿಪ್ಪಿಗೆ ಜೀಪು ಹತ್ತೋ ಮುಂಚೆ 'ಅಣ್ಣಾ, ಗುಡ್ಡದ ಗಾಡಿ ಕಲಿತಿದ್ದೀರಾ?' ಅಂತ ಕೇಳಿ. ಕೇಳಿದ್ರೆ ಅವಮಾನ ಏನಿಲ್ಲ. ನಿಮ್ಮ ಜೀವ, ನಿಮ್ಮ ಪ್ರಶ್ನೆ. ಈ ಪೋಸ್ಟನ್ನ ಕ್ಲಾಸ್ ಗ್ರೂಪಿಗೆ ಹಾಕಿ, ಮನೆಯಲ್ಲಿ ಜೀಪು ಇರೋ ಗೆಳೆಯನಿಗೆ ಮೊದಲು ಕಳ್ಸಿ.

#ಮಲೆನಾಡು #ಕೊಡಚಾದ್ರಿ #ಸಾಗರ #ಹೊಸನಗರ #ತೀರ್ಥಹಳ್ಳಿ #ಮೊದಲುಕಲಿಆಮೇಲೆಹತ್ತು