ಶರೀರವೆಂಬ ಅಮಾನತ್ತು ಮತ್ತು ಸಂಶೋಧನೆಯ ಒಪ್ಪಿಗೆ ಪತ್ರ

ನಾವು ನಮ್ಮ ಶರೀರವನ್ನು ಯಾವುದರಲ್ಲಿ ಸವೆಸಿದೆವು ಎಂಬುದು ಅಂತ್ಯದಿನದ ಪ್ರಶ್ನೆಗಳಲ್ಲೊಂದೆಂದು ಪ್ರವಾದಿ(ಸ)ರು ಎಚ್ಚರಿಸಿದ್ದಾರೆ. ಶರೀರವು ನಮ್ಮ ಸೊತ್ತಲ್ಲ. ಅಲ್ಲಾಹನು ನಮ್ಮ ವಶಕ್ಕೊಪ್ಪಿಸಿದ ಅಮಾನತ್ತು. ಹಾಗಿದ್ದರೆ ವೈದ್ಯಕೀಯ ಸಂಶೋಧನೆಗಾಗಿ ಅದನ್ನು ವಿಕಿರಣಕ್ಕೆ ಒಡ್ಡಬಹುದೇ?

1969ರಲ್ಲಿ ಬ್ರಿಟನ್ನಿನ ಕೊವೆಂಟ್ರಿ ನಗರದಲ್ಲಿ, ನಮ್ಮ ಉಪಖಂಡದಿಂದ ಹೋಗಿ ನೆಲೆಸಿದ ಕುಟುಂಬಗಳ 21 ಮಹಿಳೆಯರಿಗೆ ವಿಕಿರಣಶೀಲ ಕಬ್ಬಿಣ ಬೆರೆಸಿದ ಚಪಾತಿಗಳನ್ನು ಕೊಡಲಾಯಿತು. ಉದ್ದೇಶ ಕೆಟ್ಟದ್ದಲ್ಲ, ರಕ್ತಹೀನತೆಯ ಕಾರಣವನ್ನು ಅರಿಯುವುದಾಗಿತ್ತು. ಅಪಾಯವೂ ಅತ್ಯಲ್ಪವೆಂದು ಹೇಳಲಾಯಿತು. ಆದರೆ ಇಂಗ್ಲಿಷ್ ಸರಿಯಾಗಿ ಬಾರದ ಆ ತಾಯಂದಿರಿಗೆ ತಾವು ತಿನ್ನುತ್ತಿರುವುದೇನೆಂದು ತಿಳಿದಿತ್ತೇ? 1995ರ ಟಿವಿ ಸಾಕ್ಷ್ಯಚಿತ್ರವೊಂದು ಎತ್ತಿದ ಈ ಪ್ರಶ್ನೆ ಇಂದಿಗೂ ತಣ್ಣಗಾಗಿಲ್ಲ.

ರೋಗಿಯು ಸಿ.ಟಿ. ಸ್ಕ್ಯಾನಿಗೆ ಒಳಗಾಗುವುದು ತನ್ನ ಗುಣಕ್ಕಾಗಿ. ಅಲ್ಲಿ ಲಾಭವೂ ಹಾನಿಯೂ ಒಬ್ಬನದೇ. ಸ್ವಯಂಸೇವಕನಾದರೋ ಪರರ ಲಾಭಕ್ಕಾಗಿ ಹಾನಿಯ ಸಾಧ್ಯತೆಯನ್ನು ಹೊರುತ್ತಾನೆ. ಒಂದು ಜೀವವನ್ನು ಉಳಿಸುವುದು ಇಡೀ ಮನುಕುಲವನ್ನೇ ಉಳಿಸಿದಂತೆ ಎಂದು ಕುರ್‌ಆನ್ ಕಲಿಸುವುದರಿಂದ, ಇದು ಶ್ರೇಷ್ಠ ಸೇವೆಯೇ ಸರಿ. ಆದರೆ ತನ್ನನ್ನು ತಾನೇ ನಾಶಕ್ಕೆ ತಳ್ಳಬಾರದೆಂಬುದೂ ಅದೇ ಗ್ರಂಥದ ಆದೇಶ. ಆದುದರಿಂದ ಅಪಾಯವು ಅಲ್ಪವಾಗಿರಬೇಕು, ಅಧ್ಯಯನವು ಅಗತ್ಯವಾಗಿರಬೇಕು, ಒಪ್ಪಿಗೆಯು ಅರಿವಿನದಾಗಿರಬೇಕು. ಹಣದ ಆಸೆಗೆ ಬಡವನ ದೇಹವನ್ನು ಬಳಸುವುದು ಸೇವೆಯಲ್ಲ, ಶೋಷಣೆ.

ಹುಬ್ಬಳ್ಳಿಯ ಕೆಎಂಸಿಆರ್‌ಐಗೂ (ಹಿಂದಿನ ಕಿಮ್ಸ್) ನವನಗರದ ಕ್ಯಾನ್ಸರ್ ಆಸ್ಪತ್ರೆಗೂ ಸುತ್ತಲಿನ ಜಿಲ್ಲೆಗಳಿಂದ ಜನ ಬರುತ್ತಾರೆ. ಯಾವ ಆಸ್ಪತ್ರೆಯಲ್ಲೇ ಆಗಲಿ, ಇಂತಹ ಒಪ್ಪಿಗೆ ಪತ್ರ ನಮ್ಮ ಮುಂದೆ ಬರಬಹುದು. ಅದು ಕನ್ನಡದಲ್ಲಿದ್ದರೂ, ಮನೆಯಲ್ಲಿ ದಖನಿ ಮಾತ್ರ ಆಡುವ ನಮ್ಮ ಅಮ್ಮಂದಿರಿಗೆ ಅದು ಅರ್ಥವಾಗುವುದೇ? ಗಂಡನೋ ಮಗನೋ ‘ಸಹಿ ಹಾಕು’ ಎಂದರೆ ಅದು ಅವರ ಒಪ್ಪಿಗೆಯಾಗದು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯು, ಮಾಹಿತಿಯು ಭಾಗಿಗಳಿಗೆ ತಿಳಿಯುವ ಭಾಷೆಯಲ್ಲಿರಬೇಕೆಂದೂ, ಅವರು ಯಾವಾಗ ಬೇಕಾದರೂ ಹಿಂದೆ ಸರಿಯಬಹುದೆಂದೂ ಹೇಳುತ್ತದೆ. ಆದುದರಿಂದ ನಾವು ಸಂಕೋಚವಿಲ್ಲದೆ ಕೇಳಬೇಕು: ಈ ಸ್ಕ್ಯಾನ್ ನನ್ನ ಚಿಕಿತ್ಸೆಗೋ, ಅಧ್ಯಯನಕ್ಕೋ? ನಿಸರ್ಗದಿಂದಲೇ ನಮಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ವಿಕಿರಣ ತಗಲುತ್ತದೆ. ಇದು ಅದರ ಎಷ್ಟು ಪಾಲು? ಗರ್ಭಿಣಿಯಾಗಿದ್ದರೆ? ಹಾನಿಯಾದರೆ ಹೊಣೆ ಯಾರದು? ಒಲ್ಲೆನೆಂದರೆ ಚಿಕಿತ್ಸೆ ನಿಲ್ಲದಲ್ಲವೇ?

ಓದುಬಲ್ಲ ಮಕ್ಕಳು ಆ ಪತ್ರವನ್ನು ತಾಯಿಗೆ ಮನೆಮಾತಿನಲ್ಲಿ ಓದಿ ಹೇಳಲಿ. ಉತ್ತರವನ್ನು ಆಕೆಯೇ ಕೊಡಲಿ. ಅಮಾನತ್ತು ಆಕೆಯದು, ನಾಳೆ ಅಲ್ಲಾಹನ ಮುಂದೆ ಅದರ ಲೆಕ್ಕ ಒಪ್ಪಿಸಬೇಕಾದವಳೂ ಆಕೆಯೇ.