ಇದು ನಮ್ಮ ಮನೆ ವಿಷ್ಯ ಅನ್ನೋರಿಗೆ

ಹಾಸ್ಟೆಲ್ ಗೆಳೆಯರೇ,

ಅನ್ಯಾಯ ಮಾಡುವವರು ನಾನಾ ಭಾಷೆ ಆಡಬಹುದು. ಸಿಕ್ಕಿಬಿದ್ದ ದಿನ ಮಾತ್ರ ಎಲ್ಲರ ಬಾಯಲ್ಲೂ ಒಂದೇ ಮಾತು: "ಇದು ನಮ್ಮ ಮನೆ ವಿಷ್ಯ, ಹೊರಗಿನವರಿಗೆ ಇಲ್ಲೇನ್ ಕೆಲಸ?" ಹಾಸ್ಟೆಲ್ ವಾರ್ಡನ್ ಹೇಳೋದು ಇದೇ. ಊರ ಯಜಮಾನ ಹೇಳೋದು ಇದೇ. ವಿಶ್ವಸಂಸ್ಥೆಯಲ್ಲಿ ಸೂಟು ಬೂಟು ಹಾಕ್ಕೊಂಡು ಕೂತ ಸರ್ಕಾರಗಳು ಹೇಳಿದ್ದೂ ಇದೇ. ಅವು ಇಂಗ್ಲಿಷಿನಲ್ಲಿ ಹೇಳಿದವು, ಅಷ್ಟೇ ವ್ಯತ್ಯಾಸ.

"ಪ್ರಪಂಚ ಕಟ್ಕೊಂಡು ನಮಗೇನಾಗಬೇಕು, ಮೊದಲು ನಮ್ಮ ಅನ್ನ ನೋಡೋಣ" ಅನ್ನುವ ಹುಡುಗರು ನಮ್ಮಲ್ಲಿದ್ದಾರೆ. ಪ್ರಪಂಚಕ್ಕೆಲ್ಲ ಕಣ್ಣೀರು ಹಾಕಿ, ಈ ಹುಡುಗರ ತಟ್ಟೆಯ ಕಡೆ ಮಾತ್ರ ತಿರುಗಿ ನೋಡದ ಮೇಷ್ಟ್ರುಗಳು ಕಾಲೇಜಿನಲ್ಲಿದ್ದಾರೆ. ಇಬ್ಬರಿಗೂ ಒಟ್ಟಿಗೇ ಉತ್ತರ ಕೊಡೋಣ ಅಂತ ಈ ಬರಹ.

ಮೊದಲು ನಮ್ಮ ಹುಡುಗರು. ಅವರ ದಿನ ಹೇಗೆ ಶುರುವಾಗ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಕಕ್ಕಸಿನ ಮುಂದೆ ಬಕೆಟ್ ಸಾಲು. ನೀರು ನಿಂತರೆ ತಲೆಗೆ ಸೋಪು ಹಚ್ಚಿಕೊಂಡವನು ಹಾಗೇ ನಿಂತಿರಬೇಕು. ತಿಂಡಿಗೆ ನಿನ್ನೆಯ ಅನ್ನವೇ ಅರಿಶಿನ ಬಳಿದುಕೊಂಡು, ಚಿತ್ರಾನ್ನ ಅಂತ ಹೆಸರು ಬದಲಾಯಿಸಿಕೊಂಡು ಬರ್ತದೆ. ಗೋಡೆಯ ಬೋರ್ಡಿನಲ್ಲಿ ಮೊಟ್ಟೆ ಇದೆ, ಬಾಳೆಹಣ್ಣು ಇದೆ, ತಟ್ಟೆಯಲ್ಲಿ ಇಲ್ಲ. ಕ್ಲಾಸಿಗೆ ಹೋದರೆ ಮುಂದಿನ ಬೆಂಚಿನವನು ಕೇಳ್ತಾನೆ: "ನಿಂದು ಎಷ್ಟು ಪರ್ಸೆಂಟು? ಕೆಟಗರಿ ಯಾವುದು?" ಸ್ಕಾಲರ್‌ಶಿಪ್ ಬಂತಾ ಅಂತ ಬ್ಯಾಂಕಿಗೆ ಅಲೆದು, ಆಧಾರ್ ಕೂಡಿಲ್ಲ ಅಂತ ಸೈಬರ್ ಸೆಂಟರಿಗೆ ಅಲೆದು, ರಾತ್ರಿ ಊಟಕ್ಕೆ ಕೂತರೆ ಸಾರಿನಲ್ಲಿ ನಮ್ಮ ಮುಖ ನಮಗೇ ಕಾಣ್ತದೆ. ಮೆಸ್ಸಿಗೆ ಬರುವ ಒಂದೇ ಪೇಪರನ್ನ ಹರಿದು ಹಂಚ್ಕೊಂಡು ಓದ್ತೀವಿ. ಆಟದ ಪುಟಕ್ಕೆ ಜಗಳ, ಸಿನಿಮಾ ಪುಟಕ್ಕೆ ಜಗಳ. ವಿದೇಶದ ಪುಟ ಮಾತ್ರ ಯಾರೂ ಮುಟ್ಟದ ಅಸ್ಪೃಶ್ಯನ ಹಾಗೆ ಬೆಂಚಿನ ಮೇಲೆ ಬಿದ್ದಿರ್ತದೆ, ಕೊನೆಗೆ ಊರಿಗೆ ಹೋಗುವಾಗ ಚಪ್ಪಲಿ ಸುತ್ತೋಕೆ ಆಗ್ತದೆ.

ಇಂಥಾ ಹುಡುಗ "ಆಫ್ರಿಕಾ ನನಗ್ಯಾಕೆ" ಅಂದರೆ ಸಿಟ್ಟಾಗೋಕೆ ಆಗಲ್ಲ. ಆದರೆ ಆ ಮಾತು ಅವನದಲ್ಲ ಕಣ್ರೋ. ಅವನ ಬಾಯಿಗೆ ತುರುಕಿದ್ದು. ಯಾರು ತುರುಕಿದರು ಅಂತ ಗೊತ್ತಾಗಬೇಕಾದರೆ ಹೋಗಿ ಮೊಟ್ಟೆಯ ಲೆಕ್ಕ ಕೇಳಿ. ಎಂದೂ ಮುಖ ಕೊಟ್ಟು ಮಾತಾಡದ ವಾರ್ಡನ್ ಅವತ್ತು ಹೆಗಲ ಮೇಲೆ ಕೈ ಹಾಕ್ತಾನೆ. "ಹಾಸ್ಟೆಲ್ ಮಾತು ಹಾಸ್ಟೆಲಲ್ಲೇ ಇರಲಿ. ಡಿ.ಸಿ. ಆಫೀಸು, ಪೇಪರ್‌ನವರು ಅಂತ ಯಾಕೆ ಹೋಗ್ತೀಯ? ನಾವೆಲ್ಲ ಒಂದೇ ಮನೆಯವರಲ್ಲವೇನಪ್ಪ?" ಲೆಕ್ಕ ಕೇಳುವ ತನಕ ನಾವು ಫಲಾನುಭವಿಗಳು. ಕೇಳಿದ ಗಳಿಗೆಯಿಂದ ಮನೆ ಮಕ್ಕಳು!

ಊರಿನಲ್ಲೂ ಅಷ್ಟೇ. ಹಬ್ಬದಲ್ಲಿ ನಮ್ಮ ಹುಡುಗ ಗುಡಿಯ ಮೆಟ್ಟಿಲು ಹತ್ತಿದ್ದಕ್ಕೆ ಹೊಡೆದಿರ್ತಾರೆ. ಸ್ಟೇಷನ್ನಿಗೆ ಹೋಗೋಣ ಅಂತ ಹೊರಟರೆ ಯಜಮಾನ ಕೇರಿಯ ತನಕ ನಡೆದು ಬರ್ತಾನೆ. "ಊರು ಅಂದಮೇಲೆ ಒಂದು ಮಾತು ಬರ್ತದೆ ಹೋಗ್ತದೆ. ಪೊಲೀಸು ಕೋರ್ಟು ಅಂತ ಊರ ಮರ್ಯಾದೆ ಕಳೀಬೇಡ್ರೋ." ಗುಡಿ ಹತ್ತುವಾಗ ನಾವು ಊರ ಹೊರಗಿನವರು, ಕೇಸು ಹಾಕುವಾಗ ಊರ ಒಳಗಿನವರು. 1989ರಲ್ಲಿ ದೌರ್ಜನ್ಯ ತಡೆ ಕಾಯ್ದೆ ಬಂತು, ಸರಿ. ಆದರೆ ಕಾಯ್ದೆಗಿಂತ ಮೊದಲು ರಾಜಿ ಪಂಚಾಯ್ತಿ ಬಂದು ಜಗಲಿ ಮೇಲೆ ಕೂತಿರ್ತದೆ.

ಕಂಬಾಲಪಲ್ಲಿ ನೆನಪಿದೆಯೇ? 2000ದ ಮಾರ್ಚ್ 11. ಆಗಿನ ಕೋಲಾರ ಜಿಲ್ಲೆಯ ಚಿಂತಾಮಣಿ ತಾಲ್ಲೂಕು. ದಲಿತರ ಮನೆಗೆ ಬೆಂಕಿಯಿಟ್ಟು ಏಳು ಜನರನ್ನ ಕೊಂದರು. ಸಾಕ್ಷಿ ಹೇಳಬೇಕಾದವರು ಕೋರ್ಟಿನಲ್ಲಿ ತಿರುಗಿಬಿದ್ದರು. 2006ರಲ್ಲಿ ಆರೋಪಿಗಳ ಬಿಡುಗಡೆ. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಏಳು ಜನ ಸತ್ತಿದ್ದಾರೆ, ಕೊಂದವರು ಯಾರೂ ಇಲ್ಲ. ಊರ ಮಾತು ಊರಲ್ಲೇ ಮುಗಿದರೆ ಹೀಗೆ ಮುಗೀತದೆ.

ಈಗ ಇದೇ ಮಾತು ಸಮುದ್ರದ ಆಚೆ ಏನು ಮಾಡಿತು ನೋಡಿ.

1946ರಲ್ಲಿ ಭಾರತ ವಿಶ್ವಸಂಸ್ಥೆಗೆ ಒಂದು ದೂರು ಕೊಂಡೊಯ್ಯಿತು. ದಕ್ಷಿಣ ಆಫ್ರಿಕಾದ ಬಿಳಿಯರ ಸರ್ಕಾರ ಅಲ್ಲಿರುವ ಭಾರತೀಯರನ್ನ ಬೇರೆ ಮಾಡಿ ನೋಡ್ತಿದೆ, ಎಲ್ಲೆಂದರಲ್ಲಿ ಜಮೀನು ಕೊಳ್ಳೋಕೆ, ವಾಸ ಮಾಡೋಕೆ ಬಿಡ್ತಿಲ್ಲ ಅಂತ. ನಮ್ಮ ನಿಯೋಗಕ್ಕೆ ವಿಜಯಲಕ್ಷ್ಮಿ ಪಂಡಿತ್ ನಾಯಕಿ. ಎದುರಿಗೆ ಕೂತವನು ಜನರಲ್ ಸ್ಮಟ್ಸ್. ಅವನ ಉತ್ತರ ಏನು? "ಇದು ನಮ್ಮ ಆಂತರಿಕ ವಿಷಯ." ವಾರ್ಡನ್ ಮಾತು, ಯಜಮಾನನ ಮಾತು! ಭಾರತ ಬಿಡಲಿಲ್ಲ. ಮನುಷ್ಯನನ್ನ ಹುಟ್ಟಿನಿಂದ ಅಳೆದು ಕೀಳು ಮಾಡೋದು ಯಾವ ದೇಶದ ಮನೆ ವಿಷಯವೂ ಅಲ್ಲ ಅಂತ ವಾದ ಮಾಡಿತು. ಆ ಡಿಸೆಂಬರಿನಲ್ಲಿ ಗೆದ್ದಿತು. ದಕ್ಷಿಣ ಆಫ್ರಿಕಾದ ಜೊತೆ ವ್ಯಾಪಾರವನ್ನೇ ನಿಲ್ಲಿಸಿತು. ಶಭಾಷ್ ಅನ್ನಬೇಕಾದದ್ದೇ, ಅಂದುಬಿಡೋಣ.

ಅದೇ 1946ರಲ್ಲಿ ಇನ್ನೊಂದು ಕಾಗದ ಸಮುದ್ರ ದಾಟಿತು. ಅಮೆರಿಕಾದ ಕರಿಯರು ವಿಶ್ವಸಂಸ್ಥೆಗೆ ಅರ್ಜಿ ಕೊಟ್ಟಿದ್ದಾರೆ ಅಂತ ತಿಳಿದ ಬಾಬಾಸಾಹೇಬರು ಕರಿಯ ವಿದ್ವಾಂಸ ಡಬ್ಲ್ಯು.ಇ.ಬಿ. ಡುಬೋಯ್ಸ್‌ಗೆ ಕಾಗದ ಬರೆದರು. ನಮ್ಮ ಜನಕ್ಕೂ ಇಂಥಾ ಅರ್ಜಿ ಹಾಕುವ ಯೋಚನೆಯಿದೆ, ನಿಮ್ಮದರ ಪ್ರತಿ ಕಳಿಸಿ ಅಂತ. ಡುಬೋಯ್ಸ್ ಉತ್ತರ ಬರೆದರು. ಇಬ್ಬರಿಗೂ ಪರಸ್ಪರ ಪರಿಚಯ ಮಾಡಿಕೊಡಬೇಕಾಗಿರಲಿಲ್ಲ. ಮಾರನೆಯ ವರ್ಷ, 1947ರಲ್ಲಿ, ಡುಬೋಯ್ಸ್ ನೇತೃತ್ವದಲ್ಲೇ ಕರಿಯರ ಇನ್ನೊಂದು ಅಹವಾಲು ವಿಶ್ವಸಂಸ್ಥೆಗೆ ಹೋಯಿತು. ಸ್ವಾತಂತ್ರ್ಯದ ಗುತ್ತಿಗೆ ಹಿಡಿದ ಅಮೆರಿಕಾ ಸರ್ಕಾರ ಅದನ್ನ ಮೇಲೇಳೋಕೆ ಬಿಡಲಿಲ್ಲ. ಮನೆ ಮಾತು ಬೀದಿಗೆ ಬಂದರೆ ರಷ್ಯಾದವರ ಮುಂದೆ ಮಾನ ಹೋಗ್ತದಲ್ಲ!

ಇನ್ನು ನಮ್ಮ ಸರ್ಕಾರದ ಸರದಿ. 1965ರಲ್ಲಿ ಜನಾಂಗಭೇದದ ವಿರುದ್ಧ ವಿಶ್ವಸಂಸ್ಥೆಯ ಒಡಂಬಡಿಕೆ ತಯಾರಾಯಿತು. ಬಣ್ಣ, ಜನಾಂಗ ಅಂತಿದ್ದ ಪಟ್ಟಿಗೆ 'ಡಿಸೆಂಟ್' ಅನ್ನೋ ಪದ, ಅಂದರೆ ಹುಟ್ಟಿದ ಕುಲ ಅಂತಿಟ್ಟುಕೊಳ್ಳಿ, ಅದನ್ನ ಸೇರಿಸಿ ಅಂತ ಕೇಳಿದ್ದು ಬೇರೆ ಯಾರೂ ಅಲ್ಲ, ಭಾರತವೇ. 1968ರಲ್ಲಿ ಒಡಂಬಡಿಕೆಯನ್ನ ಒಪ್ಪಿಕೊಂಡಿತು. ಆಮೇಲೆ 1996ರಲ್ಲಿ ಆ ಒಡಂಬಡಿಕೆಯ ಸಮಿತಿ "ಹಾಗಾದರೆ ನಿಮ್ಮ ದಲಿತರ ಗತಿ ಏನು?" ಅಂತ ಕೇಳಿದಾಗ "ಜಾತಿ ಇದರಲ್ಲಿ ಬರೋದಿಲ್ಲ" ಅಂದಿತು. ಪದ ತಾನೇ ಇಟ್ಟು, ಅರ್ಥ ಕೇಳಿದರೆ ಗೊತ್ತಿಲ್ಲ ಅನ್ನೋದು!

2001ರಲ್ಲಿ ಜನಾಂಗಭೇದದ ವಿರುದ್ಧ ವಿಶ್ವ ಸಮ್ಮೇಳನ ನಡೆಯಿತು. ಎಲ್ಲಿ? ದಕ್ಷಿಣ ಆಫ್ರಿಕಾದ ಡರ್ಬನ್ನಿನಲ್ಲಿ. ಅಲ್ಲಿ ಕರಿಯರ ಸರ್ಕಾರ ಬಂದು ಏಳು ವರ್ಷವಾಗಿತ್ತು. ನಮ್ಮ ದಲಿತ ಸಂಘಟನೆಗಳವರು ಅಲ್ಲಿಗೆ ಹೋಗಿ ಜಾತಿಯ ಬಗ್ಗೆಯೂ ಒಂದು ಮಾತು ಬರೆಯಿರಿ ಅಂತ ಕೇಳಿದರು. ಭಾರತ ಸರ್ಕಾರ ಅಡ್ಡ ನಿಂತಿತು. ಜಾತಿ ಜನಾಂಗವಲ್ಲ, ಇದು ನಮ್ಮ ಮನೆ ವಿಷಯ, ನಮ್ಮ ಸಂವಿಧಾನ ನೋಡಿಕೊಳ್ತದೆ. 1946ರಲ್ಲಿ ಸ್ಮಟ್ಸ್ ಬಾಯಿಂದ ಬಂದ ಮಾತನ್ನ, ಸ್ಮಟ್ಸ್ ಸೋತುಹೋದ ನೆಲದಲ್ಲಿ ನಿಂತು, ಅವನನ್ನ ಸೋಲಿಸಿದವರೇ ಆಡಿದರು. ಕಂಬಾಲಪಲ್ಲಿ ಸುಟ್ಟು ಆಗಿನ್ನೂ ಒಂದೂವರೆ ವರ್ಷ. ನಮ್ಮನ್ನ ಸಂವಿಧಾನದ ಕೈಗೆ ಒಪ್ಪಿಸಿದ್ದೀವಿ ಅಂದವರು ಆ ಸಂವಿಧಾನ ಬರೆದವರು ಯಾವ ಕೇರಿಯವರು ಅನ್ನೋದನ್ನೂ ಮರೆತಿದ್ದರು.

ಡರ್ಬನ್ನಿನ ನಿರ್ಣಯದಲ್ಲಿ ಜಾತಿ ಅನ್ನೋ ಪದ ಬರಲಿಲ್ಲ. ಆದರೆ 2002ರಲ್ಲಿ ಆ ಒಡಂಬಡಿಕೆಯ ಸಮಿತಿ ಹುಟ್ಟಿದ ಕುಲದ ಭೇದ ಅಂದರೆ ಜಾತಿಯೂ ಸೇರಿತು ಅಂತ ಬರೆದೇ ಬರೆಯಿತು. 2006ರ ಡಿಸೆಂಬರಿನಲ್ಲಿ ಪ್ರಧಾನಿ ಮನಮೋಹನ ಸಿಂಗರೂ ದೆಹಲಿಯ ಒಂದು ಸಭೆಯಲ್ಲಿ ಅಸ್ಪೃಶ್ಯತೆಯನ್ನ ವರ್ಣಭೇದ ನೀತಿಗೆ ಹೋಲಿಸಿದರು. ನಾವು ಚಪ್ಪಾಳೆ ತಟ್ಟಿದೆವು. ಎರಡೇ ತಿಂಗಳಲ್ಲಿ, 2007ರ ಫೆಬ್ರವರಿಯಲ್ಲಿ, ಅವರದೇ ಸರ್ಕಾರದ ನಿಯೋಗ ಜಿನೀವಾದಲ್ಲಿ ಮತ್ತೆ ಅದೇ ಹಳೇ ರಾಗ ಹಾಡಿ ಬಂತು. ಪಕ್ಷ ಬದಲಾದರೂ ರಾಗ ಬದಲಾಗಲಿಲ್ಲ, ಇದನ್ನ ಗುರುತು ಹಾಕಿಕೊಳ್ಳಿ.

ಗೆಳೆಯರೇ, "ಪ್ರಪಂಚ ನನಗ್ಯಾಕೆ" ಅಂದಿರಲ್ಲ, ಪ್ರಪಂಚದ ಮುಂದೆ ನಿಮ್ಮ ಮಾತು ಬರದ ಹಾಗೆ ನೋಡಿಕೊಳ್ಳೋಕೆ ಸರ್ಕಾರವೇ ವಿಮಾನ ಹತ್ತಿ ಹೋಗ್ತದೆ. ಯಾಕೆ ಹೋಗ್ತದೆ ಅಂತ ಯೋಚನೆ ಮಾಡಿ.

ಇನ್ನು ಮೇಷ್ಟ್ರುಗಳು. 2020ರ ಮೇ ತಿಂಗಳಲ್ಲಿ ಮಿನಿಯಾಪೊಲಿಸ್‌ನ ಬೀದಿಯಲ್ಲಿ ಬಿಳಿಯ ಪೊಲೀಸಿನವನು ಜಾರ್ಜ್ ಫ್ಲಾಯ್ಡ್‌ನ ಕುತ್ತಿಗೆ ಮೇಲೆ ಮಂಡಿಯೂರಿ ಕೊಂದಾಗ ಇವರೆಲ್ಲ ಕವಿಗಳಾದರು. ಒಳ್ಳೆಯದು, ಆಗಲಿ. ಆದರೆ 2016ರ ಜನವರಿಯಲ್ಲಿ ಹೈದರಾಬಾದ್ ವಿಶ್ವವಿದ್ಯಾಲಯದ ರೋಹಿತ್ ವೇಮುಲ, ಹಾಸ್ಟೆಲಿನಿಂದ ಹೊರದಬ್ಬಿಸಿಕೊಂಡ ಐವರು ದಲಿತ ಸಂಶೋಧಕರಲ್ಲಿ ಒಬ್ಬ, ಜೀವ ಕಳೆದುಕೊಂಡಾಗ ಇವರಲ್ಲಿ ಎಷ್ಟು ಜನ "ಅದು ಆ ಯೂನಿವರ್ಸಿಟಿಯ ಒಳಗಿನ ವಿಚಾರ, ಪೂರ್ತಿ ಗೊತ್ತಿಲ್ಲದೆ ಮಾತಾಡಬಾರದು" ಅಂದರು! ಮಿನಿಯಾಪೊಲಿಸ್ಸಿನ ವಿಚಾರ ಮಾತ್ರ ಪೂರ್ತಿ ಗೊತ್ತಿತ್ತೇನೋ.

1893ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಗಾಂಧಿಯನ್ನ ರೈಲಿನಿಂದ ತಳ್ಳಿದ ಪಾಠ ನಾವೆಲ್ಲ ಓದಿದ್ದೀವಿ, ಭಾಷಣದಲ್ಲಿ ಬಳಸಿ ಬಹುಮಾನ ತಗೊಂಡಿದ್ದೀವಿ. 1917ರ ಬರೋಡ ಯಾವ ಪಾಠದಲ್ಲಿದೆ? 1913ರಲ್ಲಿ ನ್ಯೂಯಾರ್ಕಿಗೆ ಓದೋಕೆ ಹೋದ ಅಂಬೇಡ್ಕರ್ ಕೊಲಂಬಿಯಾ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಒಬ್ಬ ಪಾರ್ಸಿ ಗೆಳೆಯನ ಜೊತೆ ಇದ್ದರು. ಅವರೂ ನಮ್ಮ ಹಾಗೆ ಸ್ಕಾಲರ್‌ಶಿಪ್ಪಿನ ಹುಡುಗ, ಬರೋಡ ಮಹಾರಾಜರ ಸ್ಕಾಲರ್‌ಶಿಪ್ಪು. ಅಲ್ಲೇ 1916ರಲ್ಲಿ ಜಾತಿಯ ಮೇಲೆ ಪ್ರಬಂಧ ಓದಿ ನಮ್ಮ ಮನೆ ಮಾತನ್ನ ಮೊದಲು ಬೀದಿಗೆ ಎಳೆದರು. ಓದು ಮುಗಿಸಿ ಕೆಲಸಕ್ಕೆ ಅಂತ ಬರೋಡಕ್ಕೆ ಬಂದರೆ ಇಳಿದುಕೊಳ್ಳೋಕೆ ಜಾಗವಿಲ್ಲ. ಜಾತಿ ಮುಚ್ಚಿಟ್ಟು ಪಾರ್ಸಿ ಛತ್ರದಲ್ಲಿ ಉಳಿದರು, ಗೊತ್ತಾದ ದಿನ ದೊಣ್ಣೆ ಹಿಡಿದವರು ಬಂದು ಹೊರಗೆ ಹಾಕಿದರು. ರೈಲಿನಿಂದ ತಳ್ಳಿದವರು ಪರಕೀಯರು, ಅದಕ್ಕೇ ಪಾಠವಾಯಿತು. ಛತ್ರದಿಂದ ತಳ್ಳಿದ್ದು ಮನೆ ವಿಷಯವಲ್ಲವೇ, ಪಾಠದಲ್ಲಿ ಯಾಕೆ ಬರ್ತದೆ?

ಜಾತಿ ನಮ್ಮ ಮನೆಯದು ಅಂದವರೇ ಅದನ್ನ ಸೂಟ್‌ಕೇಸಿನಲ್ಲಿ ಮಡಚಿಟ್ಟುಕೊಂಡು ಅಮೆರಿಕಾಕ್ಕೂ ಹೋದರು. ಇಲ್ಲವಾದರೆ 2023ರ ಫೆಬ್ರವರಿಯಲ್ಲಿ ಸಿಯಾಟಲ್ ನಗರಸಭೆ ಜಾತಿಭೇದ ನಿಷೇಧದ ಕಾನೂನು ಯಾಕೆ ಮಾಡಬೇಕಾಗಿತ್ತು? ಅದೇ ವರ್ಷ ಕ್ಯಾಲಿಫೋರ್ನಿಯಾದ ಶಾಸನಸಭೆಯೂ ಒಂದು ಮಸೂದೆ ಪಾಸು ಮಾಡಿತು, ಗವರ್ನರ್ ಸಹಿ ಹಾಕಲಿಲ್ಲ. ಅದಕ್ಕೆ ವಿರೋಧ ಮಾಡಿದವರು ಯಾರ ಮನೆಯವರು ಅಂತ ನಾನು ಬೇರೆ ಹೇಳಬೇಕೇ?

ಅನ್ನ ಮೊದಲೋ ಪ್ರಪಂಚ ಮೊದಲೋ ಅನ್ನುವವರಿಗೆ ಒಂದು ಸಂಗತಿ. 1972ರಲ್ಲಿ ಬೊಂಬಾಯಿಯ ದಲಿತ ಹುಡುಗರು ಪ್ಯಾಂಥರ್ ಅಂತ ಹೆಸರಿಟ್ಟುಕೊಂಡರಲ್ಲ, ಅದು ಅಮೆರಿಕಾದ ಕಪ್ಪು ಚಿರತೆಗಳಿಂದ ಬಂದ ಹೆಸರು. ಆ ಚಿರತೆಗಳು ಅಂದರೆ ಕೋವಿ, ಕಪ್ಪು ಟೋಪಿ ಅಷ್ಟೇ ನೆನಪಾಗ್ತದೆ. 1969ರಲ್ಲಿ ಅವರು ಓಕ್‌ಲ್ಯಾಂಡಿನ ಒಂದು ಚರ್ಚಿನಲ್ಲಿ ಸ್ಕೂಲಿಗೆ ಹೋಗುವ ಮಕ್ಕಳಿಗೆ ಬೆಳಗಿನ ತಿಂಡಿ ಬಡಿಸೋಕೆ ಶುರುಮಾಡಿದರು. ಆ ತಿಂಡಿಯೂ ಅಮೆರಿಕಾದ ಗುಪ್ತ ಪೊಲೀಸರಿಗೆ ಭಯ ಹುಟ್ಟಿಸಿತು. ಹಸಿದ ಮಕ್ಕಳ ತಟ್ಟೆ ಸರ್ಕಾರ ನಡುಗುವಷ್ಟು ದೊಡ್ಡ ವಿಷಯ ಅಂತ ಅಲ್ಲಿನವರಿಗೆ ಗೊತ್ತಿತ್ತು. ನಮ್ಮ ವಾರ್ಡನ್‌ಗೂ ಗೊತ್ತಿದೆ. ನಮಗೆ ಮಾತ್ರ ಅದು ಸಾರಿನ ತಕರಾರು.

ಕರ್ನಾಟಕದಲ್ಲಿ ಈ ಕತೆ ಹೊಸದಲ್ಲ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಸಚಿವ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು, ಇಂಗ್ಲಿಷ್ ಕಲೀರಿ ಅಂದರು. ಪ್ರಪಂಚದ ಕಡೆ ಒಂದು ಕಿಟಕಿ ತೆಗೀರಿ ಅಂದದ್ದು. ಏಟು ಬಿದ್ದದ್ದು ಎಲ್ಲಿಗೆ? ಹಾಸ್ಟೆಲುಗಳಿಗೆ. ದಲಿತ ಹುಡುಗರನ್ನ ಹುಡುಕಿ ಹೊಡೆದರು. ಸಚಿವರು ರಾಜೀನಾಮೆ ಕೊಡಬೇಕಾಯಿತು. ಆ ಏಟು ತಿಂದ ಪೀಳಿಗೆಯೇ ಈ ಚಳವಳಿ ಕಟ್ಟಿತು, ಈ ಪತ್ರಿಕೆಯಂಥವನ್ನ ಕಟ್ಟಿತು.

ಇಷ್ಟು ಬರೆದ ಮೇಲೆ ನಮ್ಮ ಬೆನ್ನನ್ನೂ ನೋಡಿಕೊಳ್ಳಬೇಕು. ಸಭೆಯಲ್ಲಿ ಗುಡುಗುವ ನಮ್ಮ ಅಣ್ಣಂದಿರು, ತಂಗಿ ಲೇಡೀಸ್ ಹಾಸ್ಟೆಲಿನ ತೊಂದರೆ ಹೇಳೋಕೆ ಬಂದರೆ "ಅದು ಹೆಣ್ಮಕ್ಕಳ ವಿಷ್ಯ, ಸ್ಟೇಜಿನ ಮೇಲೆ ಬೇಡ" ಅಂತಾರೆ. ಮಾದಿಗ ಸೋದರರು ಮೀಸಲಾತಿಯಲ್ಲಿ ತಮ್ಮ ಪಾಲು ಕೇಳಿದರೆ "ನಮ್ಮೊಳಗಿನ ಮಾತು, ಹೊರಗೆ ಆಡಬೇಡಿ, ಒಗ್ಗಟ್ಟು ಹಾಳಾಗ್ತದೆ" ಅಂತಾರೆ. ಸದಾಶಿವ ಆಯೋಗ 2012ರಲ್ಲಿ ವರದಿ ಕೊಟ್ಟು, ಅದು ವರ್ಷಗಟ್ಟಲೆ ಕಪಾಟಿನಲ್ಲಿ ಕೂತಾಗ ನಮ್ಮಲ್ಲಿ ಎಷ್ಟು ಜನ ಬಾಯಿಬಿಟ್ಟರು? ಸ್ಮಟ್ಸ್‌ನ ಭೂತ ಕೇರಿಗೂ ಬರ್ತದೆ ಸ್ವಾಮಿ, ಅದಕ್ಕೆ ಮಡಿ ಮೈಲಿಗೆ ಇಲ್ಲ.

ಆದ್ದರಿಂದ ಕೆಲಸದ ಮಾತು. ಆ ಒಡಂಬಡಿಕೆಯ ಸಮಿತಿಗೆ ನಾನು ನೀವು ನೇರವಾಗಿ ದೂರು ಕೊಡೋಕೆ ಬರೋದಿಲ್ಲ. ಅದಕ್ಕೆ ಸರ್ಕಾರ ಪ್ರತ್ಯೇಕವಾಗಿ ಒಪ್ಪಿಗೆ ಕೊಡಬೇಕು, ಭಾರತ ಕೊಟ್ಟಿಲ್ಲ. ಆ ಒಪ್ಪಿಗೆ ಕೇಳೋದು ನಮ್ಮ ಬೇಡಿಕೆಯ ಪಟ್ಟಿಯಲ್ಲಿ ಸ್ಕಾಲರ್‌ಶಿಪ್ಪಿನ ಪಕ್ಕದಲ್ಲೇ ಇರಲಿ. ಅಲ್ಲಿಯ ತನಕ ವಾರಕ್ಕೊಂದು ಸಂಜೆ ಮೆಸ್ಸಿನಲ್ಲಿ ಆ ವಿದೇಶದ ಪುಟವನ್ನ ಒಬ್ಬ ಜೋರಾಗಿ ಓದಲಿ. ಗಾಜಾದಲ್ಲಿ 2023ರಿಂದ ಸತ್ತ ಮಕ್ಕಳ ಸುದ್ದಿ ಇದ್ದರೆ ಓದಲಿ, ಇಂಗ್ಲಿಷು ತೊದಲಿದರೆ ತೊದಲಲಿ, ಯಾರೂ ನಗಬಾರದು. ಅದೇ ಸಂಜೆ ಊಟದ ರಿಜಿಸ್ಟರು ತರಿಸಿ ಅದನ್ನೂ ಜೋರಾಗಿ ಓದಿ. ಎಷ್ಟು ಹುಡುಗರ ಹಾಜರಿ ಹಾಕಿದ್ದಾರೆ, ಎಷ್ಟು ತಟ್ಟೆ ಹಾಕಿದ್ದಾರೆ, ಬೋರ್ಡಿನಲ್ಲಿ ಏನಿದೆ, ಬಿಲ್ಲಿನಲ್ಲಿ ಏನಿದೆ. ರಿಜಿಸ್ಟರು ಕೊಡೋದಿಲ್ಲ ಅಂದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, 2005ರ ಕಾಯ್ದೆ, ಹತ್ತು ರೂಪಾಯಿ. ಸಿಕ್ಕಿದ ಲೆಕ್ಕವನ್ನ ಹಾಳೆಯ ಒಂದೇ ಮಗ್ಗುಲಲ್ಲಿ ಬರೆದು ಪತ್ರಿಕೆಗೆ ಕಳಿಸಿ. ನಿಮ್ಮ ಹೆಸರು ಹಾಕದಿದ್ದರೂ ಪರವಾಗಿಲ್ಲ, ಊರು ಹಾಸ್ಟೆಲು ಮಾತ್ರ ಬರೆಯಿರಿ. ಮುಂದಿನ ಸಂಚಿಕೆಯ ಸ್ಟೆನ್ಸಿಲ್ ಕೊರೆಯುವ ಮೊದಲು ನಮ್ಮ ಕೈ ಸೇರಬೇಕು.